ಏಲಂ ಚಂದ್ರ ಮೊಲದ ಹೊಟ್ಟೆ ಒತ್ತಿ ನೋಡಿದ್ದು

ಬೀಜಾಡಿಯಲ್ಲಿ ನನ್ನ ಮನೆಗೂ ಚಂದ್ರನ ಮನೆಗೂ ನಡುವೆ ಒಂದು ದಾಸವಾಳದ ಬೇಲಿ ಇದೆ. ಇತ್ತು ಎಂದು ಬರೆಯುವುದೇ ಸರಿ. ಈಗ ಅಲ್ಲಿ ನಿಂತಿರುವುದು ಬರೀ ಕೋಲುಗಳು. ಎಲೆಗಳೆಲ್ಲ ಎಲ್ಲಿ ಹೋದವು ಎಂದು ದಾರಿಯಲ್ಲಿ ಹೋಗುವವರೆಲ್ಲ ಕೇಳುತ್ತಾರೆ. ಪ್ರತಿಯೊಬ್ಬರಿಗೂ ಮೊದಲಿನಿಂದ ಹೇಳುತ್ತ ಕೂತರೆ ನನ್ನ ಹೊಲಿಗೆ ಕೆಲಸ ಕೆಡುತ್ತದೆ. ಕೋಟೇಶ್ವರ ಪೇಟೆಯಲ್ಲಿ ನನ್ನ ಟೈಲರ್ ಅಂಗಡಿ ಇದೆ, ಕೊಡಬೇಕಾದ ಬಟ್ಟೆಗಳು ರಾಶಿ ಬಿದ್ದಿವೆ. ಆದ್ದರಿಂದ ಒಮ್ಮೆ ಬರೆದು ಕೈ ತೊಳೆದುಕೊಳ್ಳುತ್ತೇನೆ.

ಚಂದ್ರನನ್ನು ನಮ್ಮಲ್ಲಿ ಏಲಂ ಚಂದ್ರ ಎನ್ನುತ್ತಾರೆ. ಗಂಗೊಳ್ಳಿ ಬಂದರಿನಲ್ಲಿ ಬೋಟು ಬಂದು ಮೀನು ಇಳಿಸಿದ ಮೇಲೆ ರಾಶಿಯ ಪಕ್ಕ ನಿಂತು ಏಲಂ, ಅಂದರೆ ಹರಾಜು, ಕೂಗುವುದು ಅವನ ಉದ್ಯೋಗ. ಅವನ ಗಂಟಲು ದೊಡ್ಡದು ನಿಜ, ಆದರೆ ಅವನ ಹೆಸರು ನಿಂತಿರುವುದು ಹೆಬ್ಬೆರಳಿನ ಮೇಲೆ. ರಾಶಿಯಿಂದ ಒಂದು ಬಂಗುಡೆ ಎತ್ತಿ, ಕಣ್ಣು ಅರ್ಧ ಮುಚ್ಚಿ, ಹೆಬ್ಬೆರಳಿನಿಂದ ಹೊಟ್ಟೆ ಒತ್ತಿ, "ಮೊಟ್ಟೆ ಇತ್ತ್" ಅಥವಾ "ಇಲ್ಲೆ" ಎನ್ನುತ್ತಾನೆ, ನಮ್ಮ ಮಾತಿನಲ್ಲಿ ಇತ್ತ್ ಎಂದರೆ ಈಗ ಇದೆ ಎಂದು. ಮೀನು ಮಾರುವ ಹೆಂಗಸರು ಕತ್ತಿ ಹಾಕಿ ನೋಡುವುದಿಲ್ಲ. ಅವನ ಮಾತಿನ ಮೇಲೆ ಬುಟ್ಟಿ ತುಂಬಿಸಿಕೊಂಡು ಹೋಗುತ್ತಾರೆ. ಆ ಹೆಬ್ಬೆರಳನ್ನು ಅವನು ಬಿಸಿ ಅನ್ನಕ್ಕೂ ತಾಗಿಸುವುದಿಲ್ಲ ಎಂದು ಅವನ ಹೆಂಡತಿ ಸುಗುಣ ದೂರುವುದುಂಟು.

ಆ ಮನೆಗೆ ಮೊಲ ಬಂದದ್ದು ನವರಾತ್ರಿ ಕಳೆದ ಮೇಲೆ. ಸುಗುಣಳ ತಂಗಿ ಸ್ನೇಹಲತಾ ಮುಂಬೈಯಲ್ಲಿ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ರಕ್ತ ಮೂತ್ರ ಎಲ್ಲ ಪರೀಕ್ಷೆ ಮಾಡಿ, ಯಾರಿಗೆ ಸಕ್ಕರೆ, ಯಾರು ಬಸುರಿ ಎಂದು ಹೇಳುವ ಲ್ಯಾಬು. ಅವಳು ಕುಂದಾಪುರದಲ್ಲಿ ರೈಲಿಳಿದು ಬಂದಾಗ ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಬೆತ್ತದ ಬುಟ್ಟಿ. ಬುಟ್ಟಿಯೊಳಗೆ ಬಿಳಿ ಮೊಲ. ಹೆಸರು ಮಲಾಯಿ, ಹೆಣ್ಣು. ಮುಂಬೈ ಮನೆಗೆ ಪೇಂಟ್ ಹೊಡೆಸಬೇಕು, ಆ ವಾಸನೆ ಇದಕ್ಕೆ ಆಗುವುದಿಲ್ಲ, ಕೆಲಸ ಮುಗಿಯುವ ತನಕ ಇಟ್ಟುಕೊಳ್ಳಿ ಎಂದಳು.

"ಭಾವ, ಇದ್ಕೆ ಹುಲ್ಲೇ ಊಟ," ಎಂದು ಚಂದ್ರನನ್ನು ಕೂರಿಸಿಕೊಂಡು ಹೇಳಿದಳು. "ದಿನ ಇಡೀ ಹುಲ್ಲ್ ಅಗಿತಾ ಇರ್ಕ್. ಇದ್ರ್ ಹಲ್ಲ್ ಬೆಳಿತಾನೇ ಇರತ್ತ್, ಹುಲ್ಲ್ ತಿಂದ್ರೇ ಸವೆಯುದ್. ಮೇಲಿಂದ ಚೂರ್ ಸೊಪ್ಪ್, ನೀರ್. ಬಾಳೆಹಣ್ಣ್ ಬ್ಯಾಡ, ಬಿಸ್ಕೆಟ್ ಬ್ಯಾಡ, ಅನ್ನ ದೋಸೆ ಎಂತದೂ ಬ್ಯಾಡ. ತಿಂಬುದ್ ಬಿಟ್ರೆ, ಹಿಕ್ಕೆ ಹಾಕುದ್ ನಿಂತ್ರೆ, ನಾಳೆ ಕಾಂಬ ಅಂದೇಳಿ ಕೂಕಣ್‌ಬೇಡಿ. ಅದೇ ದಿನ ಡಾಕ್ಟ್ರ ಹತ್ರ ಹೋಯ್ಕ್. ಇಲ್ದಿರೆ ಇದ್ ಉಳುದಿಲ್ಲೆ."

"ನಾನ್ ಸಮುದ್ರದ ಅಷ್ಟೂ ನಮೂನಿ ಮೀನ್ ಕಂಡವ. ಒಂದ್ ಮೊಲ ಸಾಂಕುಕೆ ಎಂತ ಇತ್ತ್?" ಎಂದ ಚಂದ್ರ.

ಅವಳು ರೈಲು ಹತ್ತುವ ಮೊದಲು ಮೊಲದ ಊಟ ಎಂದು ಒಂದು ದೊಡ್ಡ ಪ್ಯಾಕೆಟ್ ಕೊಟ್ಟುಹೋದಳು. ಬಿಚ್ಚಿ ನೋಡಿದರೆ ಒಳಗೆ ಒಣಹುಲ್ಲು. ಹೊರಗೆ ಅದೇ ಹುಲ್ಲಿನ ಬಣ್ಣದ ಫೋಟೋ. ಹುಲ್ಲಿಗೂ ಪ್ಯಾಕೆಟ್ ಇದೆಯೆಂಬ ಸುದ್ದಿ ಕೇಳಿ ನಾನೂ ಬೇಲಿ ದಾಟಿ ಹೋಗಿ ನೋಡಿದೆ. ಎದುರುಮನೆಯ ಚಿಕ್ಕಜ್ಜಿಯೂ ಬಂದಳು. ಈ ಚಿಕ್ಕಜ್ಜಿ ಹಿಂದೆ ಬೀಜಾಡಿಯ ಅರ್ಧ ಜನರ ತಾಯಂದಿರಿಗೆ ಹೆರಿಗೆ ಮಾಡಿಸಿದವಳು. ಉಳಿದ ಅರ್ಧ ಜನರ ತಾಯಂದಿರಿಗೆ ಬಾಣಂತನ ಮಾಡಿದವಳು. ಈಗ ಒಂದು ದನ ಸಾಕಿಕೊಂಡಿದ್ದಾಳೆ. ಅವಳು ಹುಲ್ಲನ್ನು ಮೂಸಿ ನೋಡಿ, "ಮುಂಬೈಯಿಂದ ಬಂದ ನೆಂಟ್ರಿಗೆ ಒಣಹುಲ್ಲ್ ಹಾಕುದಾ ಮಗಾ? ನಾಳೆ ಜನ ಎಂತ ಹೇಳುಗು?" ಎಂದಳು. ಚಂದ್ರನಿಗೆ ಅದು ಸರಿ ಕಂಡಿತು. ಪ್ಯಾಕೆಟ್ ಹುಲ್ಲು ಚಿಕ್ಕಜ್ಜಿಯ ದನಕ್ಕೆ ಹೋಯಿತು. ಚಿಕ್ಕಜ್ಜಿ ದಿನಕ್ಕೊಂದು ಹಿಡಿ ಹಾಕಿದ್ದನ್ನು ದನ ಪರಮಾನಂದದಿಂದ ತಿಂದು, ಮಾರನೆಯ ದಿನದಿಂದ ಊರಿನ ಬೈಹುಲ್ಲು ಕಂಡರೆ ಮೂತಿ ತಿರುಗಿಸತೊಡಗಿತು. ಅದೊಂದು ಬೇರೆಯೇ ಕತೆ.

ಇಷ್ಟಾದರೂ ಮೊದಲ ವಾರ ಮಲಾಯಿಗೆ ತೊಂದರೆ ಆಗಲಿಲ್ಲ. ಕಾರಣ, ಅದು ಬೇಲಿಯ ಸಂದಿನಲ್ಲಿ ತೂರಿ ನನ್ನ ದಾಸವಾಳವನ್ನು ತಿನ್ನುತ್ತಿತ್ತು. ನಾನು ಆಕ್ಷೇಪಿಸಿದೆ. ಚಂದ್ರ ಸಂದಿಗೆ ಒಂದು ಹಲಗೆ ಕಟ್ಟಿದ, ಆಮೇಲೆ ಅದಕ್ಕೆ ಸಿಕ್ಕಿದ್ದು ಸುಗುಣ ಹಾಕುವ ಚೂರು ಸೊಪ್ಪು ಮಾತ್ರ. ಮೊಲವನ್ನು ಉಳಿಸುತ್ತಿದ್ದ ಒಂದೇ ದಾರಿಯನ್ನು ನಾವಿಬ್ಬರೂ ಸೇರಿ ಮುಚ್ಚಿದೆವು ಎಂದು ಆಗ ತಿಳಿಯಲಿಲ್ಲ.

ಒಂದು ಬೆಳಗ್ಗೆ ಬೇಗ ಎದ್ದ ಸುಗುಣ ಒಂದು ದೃಶ್ಯ ಕಂಡಳು. ಮಲಾಯಿ ಬಗ್ಗಿ, ತನ್ನ ಹಿಂದಿನಿಂದ ಬರುತ್ತಿದ್ದ ಮೆತ್ತನೆಯ ಹಿಕ್ಕೆಯನ್ನು ಬಾಯಿ ಹಾಕಿ ತಿನ್ನುತ್ತಿತ್ತು. ಸುಗುಣ ಕೈಯಲ್ಲಿದ್ದ ಪೊರಕೆ ಬಿಟ್ಟು ಚಿಕ್ಕಜ್ಜಿಯನ್ನು ಕರೆದಳು. ಚಿಕ್ಕಜ್ಜಿ ನೋಡಿ ಎರಡು ಕೈಯನ್ನೂ ತಲೆಯ ಮೇಲಿಟ್ಟುಕೊಂಡಳು.

"ಹೊಟ್ಟಿಗಿಲ್ದೆ ತನ್ನ ಹಿಕ್ಕೆ ತಾನೇ ತಿಂತಾ ಇತ್ತಲೆ ಹೆಣ್ಣೆ. ಎಂತ ಪಾಪ ಇದ್."

ಮೊಲಗಳೆಲ್ಲ ಮುಂಜಾವಿನಲ್ಲಿ ಹಾಗೆ ಮಾಡುತ್ತವೆ, ಒಮ್ಮೆ ಅರೆದ ಹುಲ್ಲಿನ ಸಾರವನ್ನು ಹಾಗೆ ಎರಡನೆಯ ಸಲ ಹೊಟ್ಟೆಗೆ ಸೇರಿಸಿಕೊಳ್ಳುತ್ತವೆ, ಮಾಡದಿದ್ದರೇ ಕಾಯಿಲೆ ಬೀಳುತ್ತವೆ ಎಂದು ಈಗ ನಾನು ಯಾರಿಗಾದರೂ ಪಾಠ ಹೇಳಬಲ್ಲೆ. ಆಗ ನಮಗೆ ಗೊತ್ತಿದ್ದದ್ದು ಒಂದೇ: ಏಲಂ ಚಂದ್ರ ನಾದಿನಿಯ ಮೊಲವನ್ನು ಉಪವಾಸ ಕೆಡವಿದ್ದಾನೆ. ಈ ಸುದ್ದಿ ಅವನಿಗಿಂತ ಮೊದಲು ಬಂದರು ತಲುಪಿತು. ಐಸ್ ಹೊರುವವರು ಕೂಡ, "ಹ್ವಾಯ್ ಚಂದ್ರಣ್ಣ, ನಿಮ್ಮನಿಯಂಗೆ ಅಕ್ಕಿ ಮುಗಿತಾ?" ಎಂದು ಕೇಳಿದರು.

ಚಂದ್ರನಿಗೆ ಅವಮಾನವಾಯಿತು. ಅಂದಿನಿಂದ ಮಲಾಯಿಗೆ ಬೆಳಗ್ಗೆ ನೀರುದೋಸೆ, ಮಧ್ಯಾಹ್ನ ಬಾಳೆಹಣ್ಣು, ಸಂಜೆ ಬನ್ಸ್. ಅದು ಎಲ್ಲವನ್ನೂ ತಿಂದಿತು, ಸಿಹಿಯನ್ನು ಬೇಡ ಎನ್ನುವ ಬುದ್ಧಿ ಮೊಲಕ್ಕೂ ಇಲ್ಲ. ಸಂಜೆ ಚಂದ್ರ ಟಿವಿ ಮುಂದೆ ಕೂತು ಅದನ್ನು ತೊಡೆಯ ಮೇಲಿಟ್ಟುಕೊಂಡು, ಕುತ್ತಿಗೆಯಿಂದ ಬಾಲದ ತನಕ ಬೆನ್ನು ಸವರುತ್ತಿದ್ದ. ವಾರ್ತೆ ಮುಗಿಯುವ ತನಕ ಸವರುತ್ತಿದ್ದ. ಚುನಾವಣೆಯ ಸುದ್ದಿ ಇದ್ದ ದಿನ ಹೆಚ್ಚು ಸವರುತ್ತಿದ್ದ. ಈ ವಿಷಯವನ್ನು ಓದುವವರು ನೆನಪಿನಲ್ಲಿ ಇಡಬೇಕು.

ಸ್ವಲ್ಪ ದಿನ ಕಳೆದ ಮೇಲೆ ಮಲಾಯಿ ತನ್ನ ಎದೆಯ ರೋಮವನ್ನು ತಾನೇ ಕಿತ್ತುಕೊಳ್ಳಲು ಶುರುಮಾಡಿತು. ಚಿಕ್ಕಜ್ಜಿಯ ದನ ಬೇಡವೆಂದು ಬಿಟ್ಟ ಬೈಹುಲ್ಲನ್ನು ಬಾಯಿ ತುಂಬ ಕಚ್ಚಿಕೊಂಡು, ಮೀಸೆ ಬಿಟ್ಟ ದೊಡ್ಡ ಮನುಷ್ಯನ ಗತ್ತಿನಲ್ಲಿ ನಡುಮನೆ ದಾಟಿ, ಮಂಚದ ಅಡಿಯಲ್ಲಿ ರಾಶಿ ಹಾಕಿತು. ಮೇಲೆ ರೋಮ ಹಾಸಿತು. ಸುಗುಣ ಕಜ್ಜಿ ಬಂದಿದೆಯೋ ಎಂದು ಹೆದರಿ ಸುಣ್ಣ ಹಚ್ಚಲು ಹೊರಟಿದ್ದಳು. ಚಂದ್ರ ಅವಳನ್ನು ತಡೆದ. ಮೊಲವನ್ನು ಎತ್ತಿದ, ಕಣ್ಣು ಅರ್ಧ ಮುಚ್ಚಿದ, ಹೆಬ್ಬೆರಳಿನಿಂದ ಹೊಟ್ಟೆ ಒತ್ತಿದ. ಬನ್ಸು ಬಾಳೆಹಣ್ಣು ತುಂಬಿದ್ದ ಹೊಟ್ಟೆ ಗುಂಡಗಿತ್ತು.

"ಬಸ್ರಿ," ಎಂದ. "ಗುಂಡ್‌ಗುಂಡಕೆ ತಾಗತ್ತ್. ಆರೋ ಏಳೋ ಮರಿ ಇತ್ತ್."

ಸುಗುಣ ಸಂತೋಷಪಟ್ಟದ್ದು ಒಂದು ಉಸಿರಿನ ಕಾಲ. ಕೂಡಲೇ ಅವಳ ಮುಖ ಇಳಿಯಿತು. "ಯಾರದ್ದ್?" ಎಂದು ಕೇಳಿದಳು.

ಅದು ಗಂಭೀರ ಪ್ರಶ್ನೆಯೇ. ತಂಗಿ ನಂಬಿಕೆಯಿಂದ ಬಿಟ್ಟುಹೋದ ಹೆಣ್ಣು, ಭಾವನ ಮನೆಯಲ್ಲಿದ್ದಾಗ ಹೀಗಾಗಿದೆ. ಏನೆಂದು ಉತ್ತರ ಕೊಡುವುದು? ಹುಟ್ಟಿದ ಮೇಲೆ ಮರಿಗಳ ಮುಖ ತೋರಿಸಿಯೇ ಸ್ನೇಹಲತಾಳಿಗೆ ಹೇಳುವುದು, ಅಲ್ಲಿಯ ತನಕ ಫೋನಿನಲ್ಲಿ ಉಸಿರು ಬಿಡಬಾರದು ಎಂದು ಗಂಡ ಹೆಂಡತಿ ತೀರ್ಮಾನಿಸಿದರು. ಆಮೇಲೆ ಚಂದ್ರ ತನಿಖೆಗೆ ನನ್ನ ಮನೆಗೆ ಬಂದ.

"ನಿಮ್ಮ ಬೇಲಿ ಸಂದಂಗೆ ಯಾವ್ದಾರೂ ಗಂಡ್ ಮೊಲ ಬಂದದ್ದ್ ಕಂಡಿರ್ಯಾ?"

"ನನ್ನ ಬೇಲಿ ಹಾಂಗಿಪ್ದ್ ಅಲ್ಲ ಮಾರಾಯ," ಎಂದೆ. ನನಗೆ ಸಿಟ್ಟು ಬಂದಿತ್ತು. ಎಲೆ ಕಳೆದುಕೊಂಡದ್ದೂ ನನ್ನ ಬೇಲಿ, ಈಗ ಅಪವಾದವೂ ಅದರ ಮೇಲೆ.

ಬೋಟಿನ ದುಗ್ಗಪ್ಪಣ್ಣನಿಗೆ ಬೇರೆಯೇ ಸಂಶಯ. ಅವರು ಎರಡು ಬೋಟಿನ ಯಜಮಾನರು, ಮಾತು ಕಡಿಮೆ, ಆಡಿದರೆ ಇಡೀ ಬಂದರು ಕೇಳಬೇಕು. ಬಿಜೂರಿನಲ್ಲಿ ತಮ್ಮ ಸಂಬಂಧಿಕರ ಮನೆಯಲ್ಲಿ ಒಂದು ಗಂಡು ಮೊಲ ಇದೆ, ಅದು ಆಗಾಗ ಕಾಣೆಯಾಗುತ್ತದೆ ಎಂದರು. ಬಿಜೂರಿನಿಂದ ಬೀಜಾಡಿಗೆ ಬರಬೇಕಾದರೆ ಎರಡು ಬಸ್ಸು ಬದಲಿಸಬೇಕು ಎಂದು ನಾನು ನೆನಪಿಸಿದೆ. ದುಗ್ಗಪ್ಪಣ್ಣ ಸ್ವಲ್ಪ ಯೋಚಿಸಿ, "ಗೂಡ್ಸ್ ಟೆಂಪೊಲಿ ಬಂದಿಪ್ಪುಕೂ ಸಾಕ್," ಎಂದರು. ತನಿಖೆ ಅಲ್ಲಿಗೆ ನಿಂತಿತು.

ಬೋಟು ಇನ್ನೂ ಸಮುದ್ರದಲ್ಲಿ ಇರುವಾಗಲೇ ಫೋನಿನಲ್ಲಿ ವಿಚಾರಿಸಿ, ಇಂತಿಷ್ಟು ಬುಟ್ಟಿ ನಿನಗೆ, ಇಷ್ಟು ಅವನಿಗೆ ಎಂದು ಮಾತು ಕೊಟ್ಟುಬಿಡುವುದು ಬಂದರಿನಲ್ಲಿ ಇರುವ ಪದ್ಧತಿ. ಚಂದ್ರ ಅದೇ ಅಭ್ಯಾಸದಲ್ಲಿ ಮರಿಗಳಿಗೂ ಮಾತು ಕೊಟ್ಟ. ಮೊದಲನೆಯದು ದುಗ್ಗಪ್ಪಣ್ಣನಿಗೆ. ಅವರು ಅದೇ ದಿನ ಬಡಗಿಯನ್ನು ಕರೆಸಿ ಒಂದು ಮರದ ಗೂಡಿಗೆ ಹೇಳಿದರು. ಒಂದು ಪಂಚಾಯಿತಿ ಮೆಂಬರಿಗೆ, ಒಂದು ಐಸ್ ಪ್ಲಾಂಟಿನ ಮೇಸ್ತ್ರಿಗೆ, ಒಂದು ಚಿಕ್ಕಜ್ಜಿಗೆ. ನನಗೂ ಒಂದು. ನಾನು ಬೇಡವೆನ್ನಲಿಲ್ಲ, ಉಚಿತವಾಗಿ ಬರುವುದನ್ನು ಬೇಡ ಎನ್ನುವಷ್ಟು ನಾನು ದೊಡ್ಡವನಲ್ಲ. ಮರಿಗಳ ಸಂಖ್ಯೆ ಮೀರಿ ಮಾತು ಹೋದಾಗ, "ಎರಡ್ನೇ ಬಾಣಂತನದಂಗೆ ಕೊಡ್ತೆ," ಎಂದ.

ಇಡೀ ಬಂದರಿನಲ್ಲಿ ನಂಬದಿದ್ದವಳು ಒಬ್ಬಳೇ. ಕೋಡಿಯಿಂದ ಬರುವ ಮೀನಿನ ಹೆಂಗಸು ಸ್ನೇಹದಿಂದಲೇ ಕೇಳಿದಳು, "ಮೊಲದ ಹೊಟ್ಟಿ ನಿಂಗೆ ಹ್ಯಾಂಗೆ ಗೊತ್ತಾಪುದ್ ಚಂದ್ರಾ? ಅದೆಂತ ಬಂಗ್ಡಿಯಾ?"

ಸುತ್ತ ನಿಂತವರು ನಕ್ಕರು. ಚಂದ್ರ ಹೆಬ್ಬೆರಳು ಎತ್ತಿ ಎಲ್ಲರಿಗೂ ಕಾಣುವಂತೆ ಹಿಡಿದ. "ಈ ಬೆರಳ್ ಹೇಳಿದ್ದ್ ಸುಳ್ಳಾದ್ರೆ ನಾನ್ ಮತ್ತೆ ಏಲಂ ಕೂಗುದಿಲ್ಲೆ," ಎಂದ. ಬೇರೆ ಕೆಲಸ ಬಾರದವನು ಹಾಗೆಲ್ಲ ಹೇಳಬಾರದು, ಆದರೆ ಹೇಳಿ ಆಗಿತ್ತು.

ಚೊಚ್ಚಲ ಬಸುರಿಗೆ ಬಯಕೆ ಊಟ ಹಾಕದೆ ಬಿಡುವ ಮನೆ ನಮ್ಮ ಕಡೆ ಇಲ್ಲ. ಚಿಕ್ಕಜ್ಜಿ ಅದನ್ನೇ ಹಿಡಿದು ಕೂತಳು. ಬಾಯಿಲ್ಲದ ಜೀವ ಅಂತ ಬಿಟ್ಟರೆ ಮರಿಗಳ ಕಿವಿ ಸೋರುತ್ತದೆ ಎಂದಳು. ಮೊಲದ ಕಿವಿ ಸೋರಿದರೆ ಎಷ್ಟು ಸೋರೀತು ಎಂದು ಎಲ್ಲರಿಗೂ ಭಯವಾಯಿತು. ಒಂದು ಭಾನುವಾರ ನಿಶ್ಚಯವಾಯಿತು.

ಅಂದು ಮಲಾಯಿಗೆ ಮಣೆ ಹಾಕಿ ಕೂರಿಸಿದರು. ಸುಗುಣ ಕಿವಿಯ ಬುಡಕ್ಕೆ ಮಲ್ಲಿಗೆಯ ತುಂಡು ಸಿಕ್ಕಿಸಿದಳು, ಅದನ್ನು ಮಲಾಯಿ ತೆಗೆದು ತಿಂದಿತು. ಶುಭಸೂಚನೆ ಎಂದಳು ಚಿಕ್ಕಜ್ಜಿ. ಬೀದಿಯ ಹೆಂಗಸರೆಲ್ಲ ಒಂದೊಂದು ಪಾತ್ರೆ ಹಿಡಿದು ಬಂದರು. ಅಕ್ಕಿ ಬೆಲ್ಲದ ಹಾಲುಬಾಯಿ, ಹಲಸಿನೆಲೆಯ ಕೊಟ್ಟೆ ಕಡುಬು, ಚಕ್ಕುಲಿ, ಹೆಸರುಬೇಳೆ ಪಾಯಸ. ಒಬ್ಬೊಬ್ಬರೂ ಒಂದು ಚೂರು ತಿನ್ನಿಸಿದರು, ಒಬ್ಬರದು ತಿಂದು ಇನ್ನೊಬ್ಬರದು ಬಿಟ್ಟರೆ ಬೇಸರವಾಗುತ್ತದೆ ಎಂದು ಸುಗುಣ ಎಲ್ಲರಿಗೂ ಅವಕಾಶ ಕೊಟ್ಟಳು. ಹಾಲುಬಾಯಿಯನ್ನು ಮಲಾಯಿ ತಾನಾಗಿ ಕೇಳಿ ತಿಂದಿತು ಎಂದು ತಂದವಳು ಇವತ್ತಿಗೂ ಹೇಳುತ್ತಾಳೆ. ಊಟವಾದ ಮೇಲೆ ಚಂದ್ರ ನನ್ನನ್ನು ಕರೆದು ಟೇಪಿನಲ್ಲಿ ಹೊಟ್ಟೆಯ ಸುತ್ತಳತೆ ತೆಗೆಯಲು ಹೇಳಿದ. ನಾನು ತೆಗೆದೆ. ಹಿಂದಿನ ವಾರ ತೆಗೆದದ್ದಕ್ಕಿಂತ ಹೆಚ್ಚಿತ್ತು. ಅಳತೆ ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು, ನನ್ನ ಹೊಲಿಗೆಗೆ ಎಂದೂ ಯಾರೂ ಹಾಗೆ ತಟ್ಟಿದ್ದಿಲ್ಲ.

ಮಾರನೆಯ ಬೆಳಗ್ಗೆ ಮಲಾಯಿ ಮಂಚದ ಅಡಿಯಿಂದ ಹೊರಗೆ ಬರಲಿಲ್ಲ. ಮೈಯನ್ನು ಮುದ್ದೆ ಮಾಡಿಕೊಂಡು ಕೂತಿತ್ತು. ದೋಸೆ ಹಾಕಿದರೆ ಮೂಸಲಿಲ್ಲ. ಬಾಳೆಹಣ್ಣಿಗೆ ಮುಖ ತಿರುಗಿಸಿತು. ಹಲ್ಲು ಮಾತ್ರ ಕಟಕಟ ಕಡಿಯುತ್ತಿತ್ತು.

"ನೋವ್ ಸುರು ಆಯ್ತ್," ಎಂದು ಚಂದ್ರ ಅಂಗಳಕ್ಕೆ ಬಂದು ಘೋಷಿಸಿದ. ಅವತ್ತು ಬಂದರಿಗೆ ಹೋಗಲಿಲ್ಲ. ಸುದ್ದಿ ತಿಳಿದು ಮರಿ ಸಿಗಬೇಕಾದವರೆಲ್ಲ ಬಂದು ಸೇರಿದರು. ದುಗ್ಗಪ್ಪಣ್ಣ ಹೊಸ ಮರದ ಗೂಡನ್ನು ಪಿಕಪ್ಪಿನಲ್ಲಿ ಹೇರಿಕೊಂಡೇ ಬಂದರು. ಅಂಗಳದಲ್ಲಿ ಕುರ್ಚಿ ಹಾಕಿ ಚಹಾ ಕೊಟ್ಟರು. ಯಾರಿಗೆ ಯಾವ ಬಣ್ಣದ ಮರಿ ಎಂದು ಮಾತು ನಡೆಯಿತು. ಒಳಗೆ ಆ ಜೀವ ಸಾಯುತ್ತಿತ್ತು, ಹೊರಗೆ ನಾವು ಚಹಾಕ್ಕೆ ಸಕ್ಕರೆ ಕಡಿಮೆಯಾಯಿತು ಎನ್ನುತ್ತಿದ್ದೆವು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಮೊದಲು ಅನುಮಾನ ಬಂದದ್ದು ಚಿಕ್ಕಜ್ಜಿಗೆ. ಅವಳು ಮಂಚದ ಅಡಿಗೆ ಟಾರ್ಚ್ ಬಿಟ್ಟು ನೋಡಿ ಹೊರಗೆ ಬಂದಳು.

"ಚಂದ್ರಾ, ನಾನ್ ಹೆರಿಗೆ ಕಂಡವಳ್. ನೋವ್ ಬಂದ್ ಹೋಪುಕಿತ್ತ್. ಇದ್ ಬಂದದ್ದ್ ಹೋತಾ ಇಲ್ಲೆ. ಇದ್ ಹೆರಿಗಿ ನೋವಲ್ಲ."

"ಮೊಲಕ್ಕೆ ಬೇರೆ ಕ್ರಮ ಅಜ್ಜಿ," ಎಂದ ಚಂದ್ರ.

ಸುಗುಣ ಪೊರಕೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ನಿನ್ನೆ ಸಂಜೆಯಿಂದ ಒಂದ್ ಹಿಕ್ಕೆ ಇಲ್ಲೆ," ಎಂದಳು. "ದಿನಾ ಗುಡ್ಸುವಳ್ ನಾನ್. ಇವತ್ತ್ ಗುಡ್ಸುಕೆ ಎಂತದೂ ಇಲ್ಲೆ. ಸ್ನೇಹ ಎಂತ ಹೇಳಿದ್ಲ್, ನೆನಪಿತ್ತಾ ನಿಮ್ಗೆ?"

ಚಂದ್ರ ಒಳಗೆ ಹೋಗಿ ಮಲಾಯಿಯನ್ನು ಎತ್ತಿಕೊಂಡು ಬಂದ. ಎಲ್ಲರೂ ನೋಡುತ್ತಿದ್ದರು. ಅವನು ಕಣ್ಣು ಅರ್ಧ ಮುಚ್ಚಿ, ಹೆಬ್ಬೆರಳನ್ನು ಹೊಟ್ಟೆಯ ಮೇಲಿಟ್ಟು ಮೆಲ್ಲಗೆ ಒತ್ತಿದ. ಬೆರಳು ಅಲ್ಲೇ ನಿಂತಿತು. ಹೊಟ್ಟೆ ಚಂಡೆಯ ಚರ್ಮದ ಹಾಗೆ ಬಿಗಿದಿತ್ತು. ಅವನ ಮುಖದ ಬಣ್ಣ ಹೋದದ್ದನ್ನು ಪಕ್ಕದಲ್ಲಿದ್ದ ನಾನು ಕಂಡೆ. ದುಗ್ಗಪ್ಪಣ್ಣ ಕುರ್ಚಿಯಿಂದ, "ಎಷ್ಟ್ ಮರಿ?" ಎಂದು ಕೇಳಿದರು. ಏನೋ ಒಂದು ಸಂಖ್ಯೆ ಹೇಳಿದ್ದರೆ ಆ ಹೊತ್ತಿಗೆ ಅವನ ಮಾನ ಉಳಿಯುತ್ತಿತ್ತು.

"ಮರಿ ಇಲ್ಲೆ," ಎಂದ ಚಂದ್ರ. ಏಲಂ ಕೂಗುವ ಗಂಟಲಿನಿಂದ ಅಷ್ಟು ಸಣ್ಣ ದನಿ ನಾನು ಕೇಳಿರಲಿಲ್ಲ. "ಒಂದೂ ಇಲ್ಲೆ. ಬರೀ ಗಾಳಿ. ದುಗ್ಗಪ್ಪಣ್ಣ, ಪಿಕಪ್ ತೆಗಿನಿ. ಇದ್ ಸಾಯ್ತಾ ಇತ್ತ್."

ದುಗ್ಗಪ್ಪಣ್ಣ ಚಹಾದ ಲೋಟ ಕೆಳಗಿಟ್ಟು ಎದ್ದರು. ಹೊಸ ಗೂಡಿನಲ್ಲೇ ಬೈಹುಲ್ಲು ಹಾಸಿ, ಸುಗುಣಳ ಹಳೆಯ ಸೀರೆ ಸುತ್ತಿ ಮಲಾಯಿಯನ್ನು ಕೂರಿಸಿದೆವು. ಮುಂದೆ ದುಗ್ಗಪ್ಪಣ್ಣನ ಪಕ್ಕದಲ್ಲಿ ಸುಗುಣ, ಚಿಕ್ಕಜ್ಜಿ. ಹಿಂದೆ ಮೀನಿನ ಖಾಲಿ ಬಾಕ್ಸುಗಳ ನಡುವೆ ಚಂದ್ರ, ನಾನು, ಗೂಡು. ಕೋಟದ ತನಕ ಹೈವೇಯಲ್ಲಿ ಒಂದು ಹಂಪು ಬಂದರೂ ಚಂದ್ರ ಗೂಡನ್ನು ಎರಡು ಕೈಯಲ್ಲಿ ಎತ್ತಿ ಹಿಡಿಯುತ್ತಿದ್ದ.

ಕೋಟದಲ್ಲಿ ಸಾಕುಪ್ರಾಣಿಗಳಿಗೆಂದೇ ಒಂದು ಸಣ್ಣ ಕ್ಲಿನಿಕ್ ಇದೆ. ಡಾಕ್ಟರ್ ಶ್ರೀಲತಾ ಬ್ರಹ್ಮಾವರದವರು, ಕನ್ನಡಕದ ಮೇಲಿಂದ ನೋಡುವ ಅಭ್ಯಾಸ. ಅವರು ಮಲಾಯಿಯ ಹೊಟ್ಟೆ ಮುಟ್ಟಿದರು, ಸ್ಟೆತಸ್ಕೋಪು ಇಟ್ಟು ತುಂಬ ಹೊತ್ತು ಕೇಳಿದರು, ಎಕ್ಸ್‌ರೇ ತೆಗೆದರು. ಎದೆಯಲ್ಲಿ ರೋಮ ಇಲ್ಲದ ಜಾಗ ನೋಡಿದರು. ನಾವು ಐದು ಜನ ಮೇಜಿನ ಸುತ್ತ ನಿಂತಿದ್ದೆವು.

"ಗರ್ಭ ಇಲ್ಲ. ಕರುಳಿನ ಚಲನೆ ನಿಂತಿದೆ, ಹೊಟ್ಟೇಲಿ ಗ್ಯಾಸ್ ತುಂಬಿದೆ," ಎಂದರು. "ಎಂತ ತಿಂದಿದೆ ಇದು?"

ಸುಗುಣ, "ಚೂರ್ ಹಾಲ್‌ಬಾಯಿ," ಎಂದಳು. ಚಿಕ್ಕಜ್ಜಿ ಪಾಯಸ ಒಪ್ಪಿಕೊಂಡಳು. ದುಗ್ಗಪ್ಪಣ್ಣ ಕೆಮ್ಮಿ, ತಾವು ಒಂದೇ ಒಂದು ಚಕ್ಕುಲಿ ಕೊಟ್ಟದ್ದು ಎಂದರು. ಡಾಕ್ಟರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹುಲ್ಲು?"

"ಹುಲ್ಲ್ ದನ ತಿಂತ್," ಎಂದ ಚಂದ್ರ.

ಡಾಕ್ಟರ್ ಇಂಜೆಕ್ಷನ್ ಕೊಟ್ಟರು, ಚರ್ಮದ ಅಡಿಗೆ ಸಲೈನ್ ಏರಿಸಿದರು, ಗ್ಯಾಸಿಗೆ ಒಂದು ಹನಿ ಮದ್ದು ಬಾಯಿಗೆ ಬಿಟ್ಟರು. ಕೈ ಕೆಲಸ ಮಾಡುತ್ತಿತ್ತು, ಬಾಯಿ ನಮಗೆ ಬೈಯುತ್ತಿತ್ತು. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ, ಒಳಗೆ ಹೋದದ್ದು ಹಿಂದಿನಿಂದಲೇ ಹೊರಗೆ ಬರಬೇಕು, ಅದಕ್ಕೆ ಹುಲ್ಲಿನ ನಾರು ತಳ್ಳುತ್ತಲೇ ಇರಬೇಕು ಎಂದರು. ಇವತ್ತು ಸಂಜೆಯೊಳಗೆ ಹಿಕ್ಕೆ ಬಿದ್ದರೆ ಬದುಕುತ್ತದೆ, ಬೀಳದಿದ್ದರೆ ಹೇಳಲು ಆಗುವುದಿಲ್ಲ ಎಂದೂ ಹೇಳಿದರು. ಸುಗುಣ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು.

ಚಿಕ್ಕಜ್ಜಿಗೆ ಒಂದು ವಿಷಯ ಇತ್ಯರ್ಥವಾಗದೆ ಉಳಿದಿತ್ತು. "ಮತ್ತೆ ರೋಮ ಕಿತ್ತ್ ಗೂಡ್ ಕಟ್ಟಿತಲೆ ಅಮ್ಮಾ? ಬಸ್ರಿ ಅಲ್ದಿರೆ ಅದೆಂತಕೆ?"

"ಸುಳ್ಳು ಬಸಿರು ಅಜ್ಜಿ. ಹೆಣ್ಣು ಮೊಲಗಳಿಗೆ ಆಗುತ್ತದೆ. ಗಂಡು ಹತ್ರ ಬರ್ಲೇಬೇಕು ಅಂತಿಲ್ಲ, ಮೈಗೆ ಹಾಗೆ ಅನ್ನಿಸಿದ್ರೆ ಸಾಕು." ಡಾಕ್ಟರ್ ತಲೆ ಎತ್ತಿದರು. "ಮನೇಲಿ ಯಾರಾದ್ರೂ ಇದರ ಬೆನ್ನು ಸವರ್ತಾ ಇದ್ರಾ? ಕುತ್ತಿಗೆಯಿಂದ ಬಾಲದ ತನಕ, ತುಂಬ ಹೊತ್ತು?"

ಸುಗುಣ ಮೆಲ್ಲಗೆ ಗಂಡನ ಕಡೆ ತಿರುಗಿದಳು. ಆಮೇಲೆ ಚಿಕ್ಕಜ್ಜಿ, ಆಮೇಲೆ ದುಗ್ಗಪ್ಪಣ್ಣ, ಕೊನೆಗೆ ನಾನು. ಬಿಜೂರಿನ ತನಕ ಹುಡುಕಿದರೂ ಸಿಗದ ಅಪರಾಧಿ ನಮ್ಮ ನಡುವೆಯೇ ಗೂಡು ಹಿಡಿದು ನಿಂತಿದ್ದ.

"ವಾರ್ತೆ ಕಾಂಬತ್ತಿಗೆ," ಎಂದ ಚಂದ್ರ. "ಬರೀ ವಾರ್ತೆ ಕಾಂಬತ್ತಿಗೆ."

"ಇನ್ನು ಮೇಲೆ ಹಣೆ ಮಾತ್ರ ಸವರಿ," ಎಂದರು ಡಾ. ಶ್ರೀಲತಾ. ದುಗ್ಗಪ್ಪಣ್ಣ ಹೊರಗೆ ಬಂದು ಪಿಕಪ್ಪಿಗೆ ಒರಗಿ ನಿಂತು, ಬಿಜೂರಿನ ಸಂಬಂಧಿಕರಿಗೆ ಫೋನ್ ಮಾಡಿ, ನಿಮ್ಮ ಮೊಲದ ಮೇಲೆ ಇಟ್ಟಿದ್ದ ಸಂಶಯ ಹಿಂತೆಗೆದುಕೊಂಡಿದ್ದೇನೆ ಎಂದು ತಿಳಿಸಿದರು.

ಮನೆಗೆ ಬಂದಾಗ ಅಂಗಳದಲ್ಲಿ ಕಾದಿದ್ದವರು ಇನ್ನೂ ಹೋಗಿರಲಿಲ್ಲ. ಸೂಜಿ ಇಲ್ಲದ ಸಿರಿಂಜಿನಲ್ಲಿ ಮಲಾಯಿಗೆ ಚೂರುಚೂರೇ ನೀರು ಕೊಡಬೇಕು, ಹೊಟ್ಟೆಯನ್ನು ಮೆಲ್ಲಗೆ ತಿಕ್ಕಬೇಕು, ಎಳೆಯ ಹುಲ್ಲು ಎಲೆ ಮೂಗಿನ ಮುಂದೆ ಹಿಡಿಯಬೇಕು ಎಂದು ಡಾಕ್ಟರ್ ಹೇಳಿದ್ದರು. ಗರಿಕೆ ಹಿಡಿದರು, ಮೂಸಲಿಲ್ಲ. ಕೊತ್ತಂಬರಿ ಹಿಡಿದರು, ಕಣ್ಣು ಮುಚ್ಚಿತು. ಚಂದ್ರ ನನ್ನ ಮುಖ ನೋಡಿದ. ನಾನೇ ಹೋಗಿ ಹಲಗೆ ಕಿತ್ತೆ, ಬೇಲಿಯಿಂದ ಒಂದು ಕೊಂಬೆ ಮುರಿದು ತಂದೆ. ಆ ದಾಸವಾಳದ ಎಲೆಗೆ ಮಲಾಯಿ ಮೂಗು ಆಡಿಸಿತು. ಒಂದು ಎಲೆಯ ತುದಿ ಕಚ್ಚಿತು. ಆಮೇಲೆ ಅಂಗಳದಲ್ಲಿದ್ದವರೆಲ್ಲ ನನ್ನ ಬೇಲಿಯ ಮೇಲೆ ಬಿದ್ದರು. ಅದರ ಗತಿ ಮೊದಲೇ ಹೇಳಿದ್ದೇನೆ.

ಹೊತ್ತು ಕಂತುವ ಮೊದಲು ಸುಗುಣ ಮಂಚದ ಅಡಿಗೆ ಬಗ್ಗಿದವಳು ಹಾಗೆಯೇ ಕೂತುಬಿಟ್ಟಳು. "ಬಂತ್," ಎಂದಳು. ಒಂದು ಹಿಕ್ಕೆ. ಗೋಧಿಕಾಳಿಗಿಂತ ಸ್ವಲ್ಪ ದೊಡ್ಡದು, ಒಣಗಿ ಸೊಟ್ಟಗಾಗಿತ್ತು. ಚಂದ್ರ ಅದನ್ನು ಬಾಳೆಲೆಯ ತುಂಡಿನ ಮೇಲೆ ಇಟ್ಟುಕೊಂಡು ಅಂಗಳಕ್ಕೆ ಬಂದು, ಬಂದರಿನ ಗಂಟಲಿನಲ್ಲಿ, "ಒಂದ್," ಎಂದು ಕೂಗಿದ. ಸ್ವಲ್ಪ ಹೊತ್ತಿಗೆ, "ಎರಡ್." ಆಮೇಲೆ ಒಟ್ಟಿಗೆ ಬಂದವು, ಕೂಗಿ ಪೂರೈಸಲಿಲ್ಲ. ಚಿಕ್ಕಜ್ಜಿ ಮನೆಗೆ ಹೋಗಿ ಸಕ್ಕರೆ ತಂದು ಎಲ್ಲರ ಬಾಯಿಗೂ ಹಾಕಿದಳು, ಮಲಾಯಿಗೆ ಮಾತ್ರ ಹಾಕಲಿಲ್ಲ. ಮರಿ ಸಿಗಬೇಕಾಗಿದ್ದ ಪಂಚಾಯಿತಿ ಮೆಂಬರು ಕೂಡ ಸಂತೋಷದಿಂದ ಹಿಕ್ಕೆ ನೋಡಿಕೊಂಡು ಹೋದರು.

ಇನ್ನು ಏಲಂ ಕೂಗುವುದಿಲ್ಲ ಎಂಬ ಚಂದ್ರನ ಮಾತು ಮಾತ್ರ ಉಳಿದಿತ್ತಲ್ಲ. ಮಾರನೆಯ ಬೆಳಗ್ಗೆ ಬಂದರಿಗೆ ಅವನ ಜೊತೆ ನಾನೂ ಹೋದೆ. ಕುತೂಹಲಕ್ಕೆ ಹೋದೆ, ಸಮಾಧಾನ ಹೇಳಲು ಎಂದು ಅವನಿಗೆ ಹೇಳಿದ್ದೆ. ದುಗ್ಗಪ್ಪಣ್ಣನ ಬೋಟು ಬಂದಿತ್ತು, ಬಂಗುಡೆಯ ರಾಶಿ ಬಿದ್ದಿತ್ತು. ಚಂದ್ರ ಬಾಯಿ ಮುಚ್ಚಿಕೊಂಡು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ದೂರ ನಿಂತ.

"ಕೂಗ್ ಮಾರಾಯ, ಐಸ್ ಕರಗ್ತಾ ಇತ್ತ್," ಎಂದರು ದುಗ್ಗಪ್ಪಣ್ಣ.

"ಮಾತ್ ಕೊಟ್ಟಿದ್ದೆ. ಬೆರಳ್ ಸುಳ್ ಹೇಳ್ತ್," ಎಂದ ಚಂದ್ರ.

ಕೋಡಿಯ ಹೆಂಗಸು ರಾಶಿಯಿಂದ ಒಂದು ಮೀನು ಎತ್ತಿ ಅವನ ಮುಂದೆ ಹಿಡಿದಳು. "ಒತ್ತಿ ಕಾಣ್." ಅವನು ಹಿಂಜರಿದು ಒತ್ತಿ, "ಇತ್ತ್," ಎಂದ. "ಇನ್ನೊಂದ್ ಸರ್ತಿ ಒತ್ತ್," ಎಂದಳು ಅವಳು. ಮತ್ತೆ ಒತ್ತಿದ. "ಇತ್ತ್."

"ಎರಡ್ನೇ ಸರ್ತಿ ಒತ್ತಿದ್ಮೇಲೆ ನೀ ಸುಳ್ ಹೇಳುದಿಲ್ಲೆ, ನಿನ್ನೆ ಊರೇ ಕಂಡಿತ್ತ್," ಎಂದು ಅವಳು ಬುಟ್ಟಿ ಮುಂದೆ ಇಟ್ಟಳು. "ಕೂಗ್ ಈಗ, ನಂಗೆ ಬಸ್ ತಪ್ಪತ್ತ್." ಅಂದಿನಿಂದ ಚಂದ್ರ ಪ್ರತಿ ಮೀನನ್ನೂ ಎರಡು ಸಲ ಒತ್ತುತ್ತಾನೆ. ಏಲಂ ಸ್ವಲ್ಪ ತಡವಾಗುತ್ತದೆ, ಯಾರೂ ತಕರಾರು ಮಾಡಿಲ್ಲ.

ಸ್ನೇಹಲತಾ ಬಂದದ್ದು ಅದರ ಮುಂದಿನ ವಾರ. ಮಲಾಯಿ ದುಗ್ಗಪ್ಪಣ್ಣನ ಗೂಡಿನಲ್ಲಿ ಕೂತು ಹುಲ್ಲು ಅಗಿಯುತ್ತಿತ್ತು. ಮುಂಬೈ ಪ್ಯಾಕೆಟ್ಟಿನಲ್ಲಿ ಉಳಿದ ಹುಲ್ಲನ್ನು ಚಿಕ್ಕಜ್ಜಿ ದನದ ಬಾಯಿಂದ ತಪ್ಪಿಸಿ ತಂದುಕೊಟ್ಟಿದ್ದಳು. ಚಂದ್ರ ನಾದಿನಿಯ ಮುಂದೆ ನಿಂತು ಎಲ್ಲವನ್ನೂ ಹೇಳಿದ. ಪ್ಯಾಕೆಟ್ಟು, ದೋಸೆ, ಬಯಕೆ ಊಟ, ಹಾಲುಬಾಯಿ, ಕೋಟದ ಡಾಕ್ಟರು. ವಾರ್ತೆಯ ವಿಷಯವನ್ನೂ ಬಿಡಲಿಲ್ಲ. ಸುಗುಣ ತಂಗಿಯ ಬೈಗುಳಕ್ಕೆ ಸಿದ್ಧಳಾಗಿ ನಿಂತಿದ್ದಳು. ಸ್ನೇಹಲತಾ ಬೈಯಲಿಲ್ಲ. ಅವಳ ಮುಖ ಕೆಂಪಾಯಿತು, ನೆಲ ನೋಡತೊಡಗಿದಳು.

ಸುಗುಣಳಿಗೆ ಮಾತು ಬದಲಿಸಬೇಕೆನಿಸಿತು. "ಪೇಂಟ್ ಎಂತ ಬಣ್ಣದ್ ಹೊಡ್ಸಿದೆ?" ಎಂದು ಕೇಳಿದಳು.

"ಪೇಂಟ್ ಹೊಡ್ಸಿಲ್ಲೆ ಅಕ್ಕ." ಗೂಡಿನ ಹುಲ್ಲು ಸರಿಪಡಿಸುತ್ತ ಉಳಿದದ್ದನ್ನೂ ಹೇಳಿದಳು. "ಅಲ್ಲೂ ಇದ್ ಗೂಡ್ ಕಟ್ಟಿತ್. ಇದ್ ಬಸ್ರಿ ಅಂದೇಳಿ ನಾನ್ ಇಡೀ ಬಿಲ್ಡಿಂಗಿಗೆ ಮರಿ ಕೊಡ್ತೆ ಅಂದಿದ್ದೆ. ಮತ್ತೆ ಡಾಕ್ಟ್ರ್ ಸುಳ್ ಬಸ್ರ್ ಅಂದ್ರ್. ಲಿಫ್ಟಂಗೆ ಸಿಕ್ದವ್ರೆಲ್ಲ ಮರಿ ಯಾವಾಗ, ಮರಿ ಯಾವಾಗ ಅಂದೇಳಿ ಕೇಂಬುದ್. ಅವ್ರ್ ಮರ್ತ್ ಹೋಯ್ಲಿ ಅಂದೇಳಿ ಇಲ್ ತಂದ್ ಬಿಟ್ಟೆ. ನಿಮ್ಗೆ ಹೇಳುಕೆ ನಾಚ್ಕಿ ಆಯ್ತ್. ದಿನ ಬೆಳಗಾದ್ರೆ ಊರವ್ರ್ ಬಸ್ರ್ ಪರೀಕ್ಷೆ ಮಾಡುವಳ್ ನಾನ್."

ಯಾರೂ ನಗಲಿಲ್ಲ, ನಗಬಾರದೆಂದು ಎಲ್ಲರೂ ತುಂಬ ಪ್ರಯತ್ನಪಟ್ಟರು. ಮೊದಲು ಸೋತವಳು ಚಿಕ್ಕಜ್ಜಿ. ಆಮೇಲೆ ಅಂಗಳದಲ್ಲಿ ನಗದೆ ಉಳಿದದ್ದು ಮಲಾಯಿ ಒಂದೇ. ಈ ಸಲ ಮುಂಬೈಗೆ ಹೋದ ಕೂಡಲೇ ಆಪರೇಷನ್ ಮಾಡಿಸಿಬಿಡುತ್ತೇನೆ, ಮತ್ತೆ ಸುಳ್ಳು ಬಸಿರಿನ ಕಾಟ ಇರುವುದಿಲ್ಲ ಎಂದಳು ಸ್ನೇಹಲತಾ.

ರೈಲಿಗೆ ಹೊರಡುವ ದಿನ ರಿಕ್ಷಾ ಬಂದು ನಿಂತಿತು. ದಾರಿಗೆಂದು ನನ್ನ ಬೇಲಿಯಲ್ಲಿ ಉಳಿದಿದ್ದ ಕೊನೆಯ ಕೊಂಬೆಯನ್ನೂ ನಾನೇ ಮುರಿದುಕೊಟ್ಟೆ. ಸ್ನೇಹಲತಾ ರಿಕ್ಷಾದಲ್ಲಿ ಕೂತು ಮಲಾಯಿಯನ್ನು ತೊಡೆಯ ಮೇಲೆ ತೆಗೆದುಕೊಂಡಳು.

"ಮುಂಬೈಯಂಗೆ ಇದ್ರ್ ಬೆನ್ನ್ ಸವರ್ತಾ ಇದ್ದದ್ದ್ ಯಾರ್?" ಎಂದು ಚಂದ್ರ ಮೆತ್ತಗೆ ಕೇಳಿದ.

"ನಾನೇ ಭಾವ. ಸೀರಿಯಲ್ ಕಾಂಬತ್ತಿಗೆ."

ಚಂದ್ರ ತಲೆ ಆಡಿಸಿದ. ರಿಕ್ಷಾದವನು ಗಾಡಿ ಶುರುಮಾಡಿದ. ಚಂದ್ರನ ಕೈ ತಾನಾಗಿ ಮುಂದೆ ಬಂದು ಮಲಾಯಿಯ ಕುತ್ತಿಗೆಯ ಮೇಲೆ ಇಳಿಯಿತು, ಅದೇ ಹೊತ್ತಿಗೆ ಸ್ನೇಹಲತಾಳ ಕೈಯೂ ಬೆನ್ನಿಗೆ ಬಂದಿತ್ತು. ಎರಡು ಕೈಗಳೂ ಅಲ್ಲೇ ನಿಂತವು. ಒಬ್ಬರನ್ನೊಬ್ಬರು ನೋಡಿಕೊಂಡರು. ಸ್ನೇಹಲತಾ ಕೈ ಹಿಂದೆ ತೆಗೆದುಕೊಂಡಳು. ಚಂದ್ರ ಆ ಜೋಪಾನದ ಹೆಬ್ಬೆರಳಿನಿಂದ ಮಲಾಯಿಯ ಹಣೆಯನ್ನು ಒಮ್ಮೆ ಸವರಿದ, ಮತ್ತೆ ಎರಡನೆಯ ಸಲ ಸವರಿದ.